ಹೊಗೆಯಂತ್ರವನ್ನು ಬೆಳಕಿನ ಬೋರ್ಡಿಗೆ ಜೋಡಿಸುವ ಬಗೆ

ದಾವಣಗೆರೆಯ ನಾಟಕ ಕಂಪನಿಯ ರಂಗವಾಗಲಿ, ಚಿತ್ರದುರ್ಗ ಜಿಲ್ಲೆಯ ಸಾಣೇಹಳ್ಳಿಯ ಬಯಲು ರಂಗಮಂದಿರವಾಗಲಿ, ದೇವತೆ ಪ್ರತ್ಯಕ್ಷಳಾಗುವ ಗಳಿಗೆಗೆ ಸರಿಯಾಗಿ ಹೊಗೆ ಏಳಬೇಕಾದರೆ ಯಂತ್ರವನ್ನು ಬೆಳಕಿನ ಬೋರ್ಡಿನಿಂದಲೇ ನಡೆಸುವುದು ಉತ್ತಮ. ಯಂತ್ರದ ಹಿಂಬದಿಯಲ್ಲಿ, ಬೋರ್ಡಿನಿಂದ ದೀಪ-ಯಂತ್ರಗಳಿಗೆ ಆಜ್ಞೆ ಕಳಿಸುವ ಸಂಕೇತ ಪದ್ಧತಿಯಾದ ಡಿಎಂಎಕ್ಸ್ ಇನ್‌ಪುಟ್ ಇದೆಯೇ ಎಂದು ಮೊದಲು ನೋಡಿಕೊಳ್ಳಿ.

ಅತಿ ಮುಖ್ಯವಾದುದು ವಿದ್ಯುತ್ತು. ದ್ರವವನ್ನು ಆವಿಯಾಗಿಸುವ ಹೀಟರಿಗೂ ಅದನ್ನು ತಳ್ಳುವ ಪಂಪಿಗೂ ಪೂರ್ಣ ವೋಲ್ಟೇಜ್ ನಿರಂತರವಾಗಿ ಬೇಕಾಗಿರುವುದರಿಂದ, ಯಂತ್ರದ ಪ್ಲಗ್ಗನ್ನು ಅರ್ಥಿಂಗ್ ಇರುವ ನೇರ ಸಾಕೆಟ್ಟಿಗೆ ಹಾಕಬೇಕೇ ಹೊರತು ದೀಪದ ಬೆಳಕನ್ನು ಏರಿಳಿಸುವ ಡಿಮ್ಮರಿಗೆ ಎಂದಿಗೂ ಹಾಕಬಾರದು; ಹಾಕಿದರೆ ಯಂತ್ರವೇ ಸುಟ್ಟುಹೋಗಬಹುದು.

ಬಳಿಕ ಬೋರ್ಡಿನಿಂದ, ಅಥವಾ ಸಾಲಿನ ಕೊನೆಯ ದೀಪದ ಔಟ್‌ಪುಟ್‌ನಿಂದ, ಯಂತ್ರಕ್ಕೆ ಡಿಎಂಎಕ್ಸ್ ಕೇಬಲ್ ಎಳೆಯಿರಿ. ಮೈಕಿನ ಕೇಬಲ್ ಹೊಂದಿಕೊಂಡರೂ ಅದನ್ನು ಬಳಸದಿರಿ, ಏಕೆಂದರೆ ದೂರ ಹೆಚ್ಚಿದಂತೆ ಸಂಕೇತ ಕೆಡುತ್ತದೆ. ಸಾಲಿನ ತುದಿಯಲ್ಲಿ, ಸಂಕೇತ ಹಿಂದಕ್ಕೆ ಪ್ರತಿಫಲಿಸದಂತೆ ತಡೆಯುವ 120 ಓಮ್‌ನ ಟರ್ಮಿನೇಟರ್ ಇರಲಿ. ಲಭ್ಯವಿರುವ 512 ಚಾನೆಲ್‌ಗಳಲ್ಲಿ ಯಾವ ದೀಪಕ್ಕೂ ಕೊಡದ ಒಂದನ್ನು ಯಂತ್ರದ ವಿಳಾಸವಾಗಿ ನಿಗದಿಪಡಿಸಿ, ಅದೇ ಸಂಖ್ಯೆಯನ್ನು ಬೋರ್ಡಿನ ಪ್ರತ್ಯೇಕ ಫೇಡರಿಗೆ (ಮೇಲೆ ಕೆಳಗೆ ಜಾರಿಸುವ ಹಿಡಿಗೆ) ಜೋಡಿಸಿ. ಈ ಫೇಡರನ್ನು, ಎಲ್ಲ ದೀಪಗಳನ್ನೂ ಒಟ್ಟಿಗೆ ಏರಿಳಿಸುವ ಗ್ರ್ಯಾಂಡ್ ಮಾಸ್ಟರ್‌ನಿಂದ ಹೊರಗಿಡುವುದು ನನ್ನ ಪದ್ಧತಿ. ಹಾಗೆ ಮಾಡಿದರೆ ಅದರಿಂದ ದೀಪಗಳನ್ನು ಆರಿಸಿದಾಗ ಹೊಗೆಯೂ ತಟ್ಟನೆ ನಿಲ್ಲುವುದಿಲ್ಲ.

ಯಂತ್ರ ಕಾದು ಬಿಸಿಯಾಗಲು ಕೆಲವು ನಿಮಿಷ ಬೇಕು. ಕಾಯುವವರೆಗೆ ಫೇಡರ್ ಏರಿಸಿದರೂ ಹೊಗೆ ಬಾರದು. ಬಯಲಿನಲ್ಲಿ ಗಾಳಿಯ ದಿಕ್ಕನ್ನು ನೋಡಿ ಯಂತ್ರವನ್ನಿಟ್ಟು, ಬಿಸಿ ಮೂತಿಯಿಂದ ಪರದೆಗಳನ್ನು ದೂರವಿಡಿ.