ಹೊಸ ಆಂಪ್ಲಿಫೈಯರ್ ತರುವ ಮುನ್ನ ಸ್ಪೀಕರ್ ಜಾಗ ಬದಲಿಸಿ

‘ಸೌಂಡ್ ಸರಿಯಿಲ್ಲ, ದೊಡ್ಡ ಆಂಪ್ಲಿಫೈಯರ್ ತಗೋಬೇಕು’ ಎನ್ನುವವರ ಮನೆಗೆ ಹೋದರೆ ನಾನು ಮೊದಲು ನೋಡುವುದು ಸ್ಪೀಕರುಗಳನ್ನು. ಹೆಚ್ಚಿನ ಮನೆಗಳಲ್ಲಿ ಒಂದು ಕಪಾಟಿನೊಳಗೆ ಪುಸ್ತಕಗಳ ನಡುವೆ ಸಿಕ್ಕಿಕೊಂಡಿರುತ್ತದೆ, ಇನ್ನೊಂದು ಸೋಫಾ ಹಿಂದೆ ನೆಲದ ಮೇಲೆ ಕೂತಿರುತ್ತದೆ. 50 ವ್ಯಾಟ್ ಬದಲು 100 ವ್ಯಾಟ್ ತಂದರೂ ಸಿಗುವುದು 3 ಡೆಸಿಬಲ್ ಮಾತ್ರ. ಕಿವಿಗೆ ಅದು ‘ಸ್ವಲ್ಪ ಜಾಸ್ತಿ’, ಅಷ್ಟೇ. ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಪಟ್ಟು ವ್ಯಾಟ್ ಬೇಕು. ಹಾಗಾಗಿ ಇರುವುದನ್ನೇ ಮೊದಲು ಸರಿಮಾಡಿಕೊಳ್ಳಿ.

1. ವೈರ್ ನೋಡಿ. ಆಂಪ್ಲಿಫೈಯರ್ ಆಫ್ ಮಾಡಿ. ಎರಡೂ ಸ್ಪೀಕರಿನಲ್ಲಿ ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಹೋಗಿದೆಯೇ? ಒಂದರಲ್ಲಿ ಮಾತ್ರ ಅದಲು ಬದಲಾದರೆ ಒಂದರ ಕೋನ್ (ಅದುರಿ ದನಿ ಹೊರಡಿಸುವ ಬಟ್ಟಲಿನಂಥ ಭಾಗ) ಮುಂದೆ ಬರುವಾಗ ಇನ್ನೊಂದರದು ಹಿಂದೆ ಹೋಗಿ ಬಾಸ್ (ತಗ್ಗು ದನಿ) ಅಲ್ಲೇ ಕರಗಿಹೋಗುತ್ತದೆ. ಗೆಳೆಯರೊಬ್ಬರ ಮನೆಯಲ್ಲಿ ಇದೇ ತಪ್ಪು ವರ್ಷಗಟ್ಟಲೆ ಹಾಗೇ ಇತ್ತು. ವೈರ್ ತಿರುಗಿಸಿದ ಕೂಡಲೇ ಗಾಯಕಿಯ ದನಿ ಎರಡು ಪೆಟ್ಟಿಗೆಗಳ ನಟ್ಟನಡುವೆ ಬಂದು ನಿಂತಿತು. ವೈರ್ ತುದಿಯ ಒಂದೇ ಒಂದು ಎಳೆಯೂ ಪಕ್ಕದ ಟರ್ಮಿನಲ್‌ಗೆ ತಾಗಬಾರದು. ತುದಿ ಕಪ್ಪಾಗಿದ್ದರೆ ಕತ್ತರಿಸಿ ಹೊಸದಾಗಿ ಸುಲಿಯಿರಿ.

ದುಬಾರಿ ಕೇಬಲ್ ಬೇಡವೇ ಬೇಡ. ನಾಲ್ಕೈದು ಮೀಟರಿಗೆ 1.5 ಚದರ ಮಿಲಿಮೀಟರ್ ಶುದ್ಧ ತಾಮ್ರದ ವೈರ್ ಸಾಕು. ತಾಮ್ರದ ಲೇಪನ ಕೊಟ್ಟ ಅಲ್ಯೂಮಿನಿಯಂ ವೈರ್ ಮಾತ್ರ ತರಬೇಡಿ. ಬ್ಲೇಡಿನಿಂದ ಎಳೆಯನ್ನು ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ವಾಪಸ್ ಕೊಡಿ.

2. ಜಾಗ. ಎಲ್ಲರೂ ಎಡವುವುದು ಇಲ್ಲೇ, ಒಂದು ಸಂಜೆಯನ್ನು ಪೂರ್ತಿ ಇದಕ್ಕೇ ಇಡಿ. ಗೋಡೆ ಹತ್ತಿರವಾದಷ್ಟೂ ಬಾಸ್ ಉಬ್ಬುತ್ತದೆ. ಮೂಲೆಯಲ್ಲಂತೂ ಎರಡು ಗೋಡೆ ಮತ್ತು ನೆಲ ಸೇರಿ ಅದನ್ನು ಇನ್ನೂ ಹಿಗ್ಗಿಸುತ್ತವೆ. ಆಗ ಹಾಡಿನ ಸಾಹಿತ್ಯವೇ ಕೇಳಿಸದೆ ಬರೀ ಗುಂಯ್ ಅನ್ನುತ್ತದೆ.

ಪೆಟ್ಟಿಗೆಗಳನ್ನು ಗೋಡೆಯಿಂದ ಒಂದೂವರೆ ಅಡಿ ಮುಂದೆ ತನ್ನಿ. ಎರಡರ ನಡುವೆ ಎಷ್ಟು ದೂರವೋ, ಪ್ರತಿಯೊಂದರಿಂದ ನೀವು ಕೂರುವ ಜಾಗಕ್ಕೂ ಅಷ್ಟೇ ದೂರ ಇರಲಿ. ಟೇಪ್ ಹಿಡಿದು ಅಳೆಯಿರಿ, ಕಣ್ಣಂದಾಜು ಬೇಡ. ಟ್ವೀಟರ್ (ಪೆಟ್ಟಿಗೆಯಲ್ಲಿ ಏರು ದನಿ ಹೊರಡಿಸುವ ಚಿಕ್ಕ ಸ್ಪೀಕರ್) ನಿಮ್ಮ ಕಿವಿಯ ಎತ್ತರಕ್ಕೆ ಬರಬೇಕು. ಸ್ಟ್ಯಾಂಡ್ ಇಲ್ಲದಿದ್ದರೆ ಅಲುಗಾಡದ ಸ್ಟೂಲ್ ನಡೆಯುತ್ತದೆ.

ಈಗ ಒಬ್ಬರೇ ಹಾಡಿರುವ, ನಿಮಗೆ ಬಾಯಿಪಾಠವಿರುವ ಹಾಡು ಹಾಕಿ. ಪೆಟ್ಟಿಗೆಗಳನ್ನು ನಿಮ್ಮ ಕಡೆಗೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋಗಿ. ದನಿ ಮಸುಕಾಗಿ ಹರಡಿದ್ದರೆ ಇನ್ನಷ್ಟು ತಿರುಗಿಸಿ, ‘ಸ’, ‘ಶ’ ಅಕ್ಷರಗಳು ಕಿವಿಗೆ ಚುಚ್ಚಿದರೆ ಹೊರಕ್ಕೆ ಸರಿಸಿ. ಬಾಸ್ ತೆಳುವಾದರೆ ಗೋಡೆಯತ್ತ ಎರಡೆರಡು ಇಂಚು ತಳ್ಳಿ. ಸರಿಹೋದ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿ, ಗುಡಿಸುವಾಗ ಸರಿದರೂ ಮತ್ತೆ ಅಲ್ಲಿಗೇ ತರಬಹುದು.

3. ಕೋಣೆ. ಚಪ್ಪಾಳೆ ತಟ್ಟಿ. ಟಣ್ಣೆಂದು ಮರುದನಿ ಬಂದರೆ ದಪ್ಪ ಪರದೆ, ಜಮಖಾನೆ ಬೇಕು. ಎಲ್ಲಿ ಹಾಕಬೇಕೆಂದು ತಿಳಿಯಲು ನೀವು ಕೂತಿರಿ, ಇನ್ನೊಬ್ಬರು ಪಕ್ಕದ ಗೋಡೆಯ ಮೇಲೆ ಕನ್ನಡಿ ಸರಿಸುತ್ತ ಹೋಗಲಿ. ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗದಲ್ಲೇ ಪರದೆ ಅಥವಾ ಪುಸ್ತಕದ ಕಪಾಟು ಬರಲಿ. ಮೊಟ್ಟೆಯ ಟ್ರೇ ಅಂಟಿಸುವವರಿದ್ದಾರೆ, ಅದರಿಂದ ಹೆಚ್ಚೇನೂ ಪ್ರಯೋಜನವಿಲ್ಲ.

4. ಗುಂಡಿಗಳು. ಬಾಸ್, ಟ್ರೆಬಲ್ (ಏರು ದನಿ) ನಡುವಿಗೆ ತಂದು, ‘ಲೌಡ್‌ನೆಸ್’ (ಬಾಸ್, ಟ್ರೆಬಲ್ ಉಬ್ಬಿಸುವ ಗುಂಡಿ) ಆಫ್ ಮಾಡಿ.

5. ಹಳೇ ಸ್ಪೀಕರ್ ಆದರೆ ಮುಂದಿನ ಬಟ್ಟೆ ತೆಗೆದು ಕೋನ್ ಸುತ್ತಲಿನ ಫೋಮ್ ಅಂಚನ್ನು ಮೆಲ್ಲಗೆ ಮುಟ್ಟಿ. ಪುಡಿಯಾಗಿ ಉದುರಿದರೆ ಯಾವ ಆಂಪ್ಲಿಫೈಯರ್ ತಂದರೂ ಅದು ಕರ್ಕಶವಾಗಿಯೇ ನುಡಿಯುತ್ತದೆ. ಅಂಚನ್ನು ಮಾತ್ರ ಬದಲಿಸಿಕೊಡುವ ರಿಪೇರಿಯವರಿದ್ದಾರೆ.

ಇಷ್ಟೆಲ್ಲ ಆದ ಮೇಲೂ, ನಿಮಗೆ ಬೇಕಾದಷ್ಟು ಜೋರಿನಲ್ಲಿ ತಬಲಾದ ಪೆಟ್ಟು ಒಡೆದಂತೆ ಕೇಳಿ, ವಾಲ್ಯೂಮ್ ಇಳಿಸಿದಾಗ ಶುದ್ಧವಾದರೆ ಆಂಪ್ಲಿಫೈಯರ್ ಸೋತಿರಬಹುದು. ಅದೇ ಸ್ಪೀಕರುಗಳಿಗೆ ಇನ್ನೊಬ್ಬರ ಆಂಪ್ಲಿಫೈಯರ್ ಎರವಲು ತಂದು ಒಂದು ದಿನ ಕೇಳಿ, ಆಮೇಲೆ ಅಂಗಡಿಗೆ ಹೋಗಿ.