ಹಲಸಿನ ಹಪ್ಪಳ: ಬಿಸಿ ಇರುವಾಗಲೇ ಕುಟ್ಟಿ

ಕಳೆದ ಬೇಸಿಗೆಯಲ್ಲಿ ಕುಮಟಾದಿಂದ ಅಕ್ಕ ಫೋನು ಮಾಡಿದ್ದಳು. "ತಮಾ, ಹಪ್ಪಳ ಎಲ್ಲಾ ಒಡದು ಹೋತು. ಈ ಸಲ ಬಿಸಿಲೇ ಸರಿ ಇಲ್ಲೆ" ಎಂದಳು. ಅದೇ ವಾರ ನಮ್ಮ ಪಕ್ಕದ ಮನೆಯಲ್ಲೂ ಇದೇ ಕತೆ. ಅಲ್ಲಿ ಬೈಗುಳ ತಿಂದದ್ದು ಹಲಸಿನ ಮರ. ಬಿಸಿಲೂ ಚೆನ್ನಾಗಿತ್ತು, ಮರದ್ದೂ ತಪ್ಪಿರಲಿಲ್ಲ. ಎರಡೂ ಮನೆಯವರು ಬೆಂದ ತೊಳೆಯನ್ನು ಆರಲು ಬಿಟ್ಟು ಚಾ ಕುಡಿಯಲು ಕೂತಿದ್ದರು. ಹಪ್ಪಳ ಅಂಗಳದಲ್ಲಿ ಒಡೆದಿದ್ದು ನಿಜ, ಆದರೆ ಕೆಟ್ಟಿದ್ದು ಒರಳಿನಲ್ಲಿ.

ಇಷ್ಟು ವರ್ಷ ನೋಡಿದ್ದರಲ್ಲಿ ಹತ್ತಕ್ಕೆ ಎಂಟು ಜನ ಎಡವುವುದು ಇಲ್ಲೇ. ಹಾಗಾಗಿ ಬೇರೆಯದನ್ನೆಲ್ಲ ಬೇಗ ಹೇಳಿ, ಕುಟ್ಟುವುದರ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಯಾವಾಗ, ಯಾವ ಕಾಯಿ

ಶಿರಸಿ ಕಡೆ ಅಡಿಕೆ ಕೆಲಸ ಮುಗಿದು, ಒಣಗಿಸುವ ಅಟ್ಟ ಖಾಲಿಯಾದ ಮೇಲೆ ಹಪ್ಪಳದ ಕಾಲ ಶುರು. ಮಾರ್ಚ್ ಕೊನೆಯಿಂದ ಮೇ ನಡುವಿನವರೆಗೆ ಎಂದಿಟ್ಟುಕೊಳ್ಳಿ. ಆಮೇಲೆ ಕಾಯಿ ಹಣ್ಣಾಗುತ್ತ ಬರುತ್ತದೆ, ಮಧ್ಯಾಹ್ನದ ಮೇಲೆ ಗುಡುಗು ಕೇಳುತ್ತದೆ.

ಗಟ್ಟಿ ತೊಳೆಯ ಬಕ್ಕೆ ಹಲಸೇ ಆಗಬೇಕು. ಮೆತ್ತನೆ ತೊಳೆಯ ಹಲಸಿನಲ್ಲೂ ಆಗುತ್ತದೆ ಎನ್ನುವವರಿದ್ದಾರೆ. ಅವರು ಮಾಡಿಕೊಳ್ಳಲಿ. ಕಾಯಿ ಪೂರ್ತಿ ಬಲಿತಿರಬೇಕು, ಹಣ್ಣಾಗಲು ಶುರುವಾಗಿರಬಾರದು. ಮುಳ್ಳು ಒತ್ತೊತ್ತಾಗಿ ಚೂಪಾಗಿದ್ದರೆ ಎಳತು. ಮುಳ್ಳಿನ ನಡುವೆ ಜಾಗ ಬಿಟ್ಟು ತುದಿ ಮೊಂಡಾಗಿದ್ದರೆ ಬಲಿತಿದೆ. ಹಗ್ಗ ಕಟ್ಟಿ ಇಳಿಸಿ. ಧೊಪ್ಪೆಂದು ಕೆಡವಿದ ಕಾಯಿ ಬಿದ್ದ ಮಗ್ಗುಲಲ್ಲಿ ಕಂದಿರುತ್ತದೆ.

ಒಡೆದ ಮೇಲೆ ಒಂದು ತೊಳೆ ಬಾಯಿಗೆ ಹಾಕಿ. ಸಿಹಿ ಹತ್ತಿತೋ, ಅದನ್ನು ಹಪ್ಪಳಕ್ಕೆ ತೆಗೆದುಕೊಳ್ಳಬೇಡಿ. ಸಿಹಿ ಏರಿದ ತೊಳೆಯ ಹಪ್ಪಳ ಎಷ್ಟು ಒಣಗಿಸಿದರೂ ಮೆತ್ತಗಾಗುತ್ತದೆ, ಎಣ್ಣೆಗೆ ಬಿದ್ದ ಕೂಡಲೇ ಕಪ್ಪಗಾಗುತ್ತದೆ. ಬೇಳೆ, ಅಂದರೆ ತೊಳೆಯೊಳಗಿನ ಬೀಜ, ಇನ್ನೂ ಗಟ್ಟಿಯಾಗಿಲ್ಲ ಎಂದರೆ ಕಾಯಿ ಎಳತು. ಪಲ್ಯ ಮಾಡಿ ಮುಗಿಸಿ.

ಮೇಣದ ಬಗ್ಗೆ ಒಂದೇ ಮಾತು. ಕೈಗೂ ಕತ್ತಿಗೂ ಮೊದಲೇ ತೆಂಗಿನೆಣ್ಣೆ ಹಚ್ಚಿ. ಮೇಣ ನೀರಿಗೆ ಬಗ್ಗುವುದಿಲ್ಲ, ಎಣ್ಣೆಗೆ ಬಗ್ಗುತ್ತದೆ. ಸೋಪು ತಿಕ್ಕಿ ತಿಕ್ಕಿ ಕೈ ಕೆಂಪು ಮಾಡಿಕೊಳ್ಳುವವರನ್ನು ನೋಡಿದ್ದೇನೆ. ಎಣ್ಣೆ ಹಚ್ಚಿ ಉಜ್ಜಿ, ಆಮೇಲೆ ಸೋಪು. ಕಡಿದ ತಕ್ಷಣ ಒಸರುವ ಮೇಣವನ್ನು ಹಳೆ ಪೇಪರಿನಲ್ಲಿ ಒರೆಸಿ ತೆಗೆಯಿರಿ. ಈ ಪುರವಣಿಯೂ ಆದೀತು, ಓದಿ ಮುಗಿದ ಮೇಲೆ.

ತೊಳೆ ಬಿಡಿಸುವುದನ್ನು ಯಾರಿಗೂ ಕಲಿಸಬೇಕಾಗಿಲ್ಲ. ಹಿಂದಿನ ರಾತ್ರಿಯೇ ನಾಲ್ಕು ಜನ ಸುತ್ತ ಕೂತು, ಊರ ಸುದ್ದಿ ಮಾತಾಡುತ್ತ ಬಿಡಿಸಿಟ್ಟರೆ ಬೆಳಗಿನ ಹೊತ್ತು ಉಳಿಯುತ್ತದೆ. ಬೇಳೆ, ನಾರು ಒಂದೂ ತೊಳೆಯ ಜೊತೆ ಹೋಗಬಾರದು, ಅಷ್ಟೇ. ಬೇಳೆಯನ್ನು ಬಿಸಾಡಬೇಡಿ, ಸಾರಿಗೆ ಆಗುತ್ತದೆ.

ಹಬೆಯಿಂದ ಒರಳಿಗೆ

ಬೆಳಿಗ್ಗೆ 6 ಗಂಟೆಗೆ ಒಲೆ ಹತ್ತಬೇಕು. ಇದು ಶಿಸ್ತಿನ ಮಾತಲ್ಲ, ಲೆಕ್ಕದ ಮಾತು. ಒತ್ತಿದ ಹಪ್ಪಳಕ್ಕೆ ಅವತ್ತಿನದೇ ಗಟ್ಟಿ ಬಿಸಿಲು ನಾಲ್ಕು ತಾಸಾದರೂ ಸಿಗಬೇಕು. ಹನ್ನೊಂದಕ್ಕೆ ಕೆಲಸ ಶುರು ಮಾಡಿ, ಸಂಜೆ ಹಸಿ ಹಪ್ಪಳವನ್ನು ಒಳಗೆ ತಂದಿಟ್ಟರೆ ಬೆಳಗಾಗುವುದರೊಳಗೆ ಬೂಸು.

ತೊಳೆಯನ್ನು ಸಣ್ಣಗೆ ಹೆಚ್ಚಿ ಇಡ್ಲಿ ಪಾತ್ರೆಯಲ್ಲಿ ಹಬೆಗೆ ಇಡಿ. ನೀರಿನಲ್ಲಿ ಕುದಿಸಬೇಡಿ. ಕುಕ್ಕರಿನಲ್ಲಿ ನೀರು ಹಾಕಿ ಮೂರು ಸೀಟಿ ಕೂಗಿಸುವ ಅಡ್ಡದಾರಿ ಬೇಡವೇ ಬೇಡ. ತೊಳೆ ನೀರು ಕುಡಿದರೆ ಅದನ್ನು ವಾಪಸ್ ತೆಗೆಯಲು ನಿಮ್ಮಿಂದಾಗದು. ಇಪ್ಪತ್ತು ಇಪ್ಪತ್ತೈದು ನಿಮಿಷ ಸಾಕು. ಒಂದು ಚೂರನ್ನು ಎರಡು ಬೆರಳ ನಡುವೆ ಹಿಸುಕಿ. ಪೂರಾ ನುರಿದು ಬೆರಳಿಗೆ ಅಂಟಬೇಕು. ನಡುವೆ ಚಿಕ್ಕ ಹರಳು ಸಿಕ್ಕಿದರೂ ಇನ್ನು ಐದು ನಿಮಿಷ.

ಈಗ ಮುಖ್ಯ ವಿಷಯ. ಎಲ್ಲ ತೊಳೆಯನ್ನೂ ಒಂದೇ ಸಲ ಬೇಯಿಸಬೇಡಿ. ಒರಳಿಗೆ ಹಿಡಿಸುವಷ್ಟು, ಅಂದರೆ ಸುಮಾರು ಒಂದು ಕೆಜಿ ಮಾತ್ರ. ಒಂದು ಒಬ್ಬೆ ಕುಟ್ಟುತ್ತಿರುವಾಗ ಇನ್ನೊಂದು ಬೇಯುತ್ತಿರಲಿ. ಪಾತ್ರೆಯ ಮುಚ್ಚಳ ತೆಗೆದ ಮೇಲೆ ತೊಳೆ ಹೋಗಬೇಕಾದ್ದು ಸೀದಾ ಒರಳಿಗೆ. ನಡುವೆ ಹರಿವಾಣವಿಲ್ಲ, ಫ್ಯಾನ್ ಇಲ್ಲ, ಚಾ ಇಲ್ಲ. ಬೆಂದ ತೊಳೆಯ ಹಿಟ್ಟಿನಂಶ ಬಿಸಿಯಲ್ಲಿ ಹೇಳಿದ ಹಾಗೆ ಕೇಳುತ್ತದೆ. ಆರಿದರೆ ಬಿಗಿಯುತ್ತದೆ, ರಾತ್ರಿ ಉಳಿದ ಅನ್ನ ಬೆಳಿಗ್ಗೆ ಗಟ್ಟಿಯಾದ ಹಾಗೆ. ಬಿಗಿದದ್ದನ್ನು ಎಷ್ಟು ಕುಟ್ಟಿದರೂ ಒಳಗೆ ಸಾಸಿವೆ ಗಾತ್ರದ ಗಂಟು ಉಳಿಯುತ್ತದೆ. ಕೈಗೆ ಅದು ಗೊತ್ತೇ ಆಗುವುದಿಲ್ಲ. ಬಿಸಿಲಿಗೆ ಹಾಕಿದಾಗ ಗಂಟಿನ ಸುತ್ತಲಿನ ತೆಳು ಭಾಗ ಬೇಗ ಒಣಗಿ ಎಳೆಯುತ್ತದೆ, ಗಂಟು ಬಗ್ಗುವುದಿಲ್ಲ. ಅಲ್ಲಿಂದಲೇ ಬಿರುಕು. ಅಕ್ಕ ಬಿಸಿಲನ್ನು ಬೈದದ್ದು ಇದಕ್ಕೇ.

ಕುಟ್ಟುವಾಗ ಒಬ್ಬರು ಒನಕೆ ಹಿಡಿಯಲಿ, ಇನ್ನೊಬ್ಬರು ಎಣ್ಣೆ ಸವರಿದ ಮರದ ಸಟ್ಟುಗದಿಂದ ಬದಿಯದನ್ನು ನಡುವಿಗೆ ದೂಡಲಿ. ಕೈ ಹಾಕಬೇಡಿ, ಅದು ಸುಡುವ ಅಂಟು. ಮೊದಮೊದಲು ಒನಕೆ ಬಿದ್ದಲ್ಲೆಲ್ಲ ಚೂರು ಚೂರಾಗಿ ಹಾರುತ್ತದೆ, ಒರಳಿನ ಬದಿಗೆಲ್ಲ ಮೆತ್ತುತ್ತದೆ. ಹತ್ತು ನಿಮಿಷಕ್ಕೆ ಒದ್ದೆ ಮಣ್ಣು ತುಳಿದ ಹಾಗೆ ಪಚ್ ಪಚ್ ಸದ್ದು. ಇಲ್ಲಿಗೆ ಸಾಕು ಎಂದು ನಿಲ್ಲಿಸುವವರೇ ಜಾಸ್ತಿ. ನಿಲ್ಲಿಸಬೇಡಿ. ಇನ್ನೂ ಸ್ವಲ್ಪ ಹೊತ್ತಿಗೆ ಒರಳಿನ ಬದಿ ತಾನಾಗಿಯೇ ಚೊಕ್ಕ ಆಗುತ್ತ ಬರುತ್ತದೆ. ಮೆತ್ತಿದ್ದೆಲ್ಲ ಮುದ್ದೆಗೆ ಸೇರಿಕೊಳ್ಳುತ್ತದೆ. ಒನಕೆ ಎತ್ತಿದರೆ ಇಡೀ ಮುದ್ದೆ ಅದರ ಜೊತೆ ಅರ್ಧ ಗೇಣು ಮೇಲೆದ್ದು ಬಿಡುತ್ತದೆ. ಸದ್ದೂ ಬದಲಾಗುತ್ತದೆ, ಧಬ್ ಎಂದು ತುಂಬಿದ ಸದ್ದು. ನಮ್ಮ ಆಯಿ ಜಗುಲಿಯಲ್ಲಿ ಕೂತು ಆ ಸದ್ದು ಕೇಳಿಯೇ "ಸಾಕು" ಎನ್ನುತ್ತಿದ್ದಳು.

ಉಪ್ಪು, ಖಾರ ಹಾಕುವುದು ನಡುವಿನಲ್ಲಿ, ಬದಿಗೆಲ್ಲ ಮೆತ್ತುತ್ತಿರುವಾಗಲೇ. ಒಂದು ಕೆಜಿಗೆ ಎರಡು ಟೀ ಚಮಚ ಉಪ್ಪು, ಮೇಲೆ ಹೋಗಬೇಡಿ. ಬಾಯಿಗೆ ಹಾಕಿದರೆ ಸಪ್ಪೆ ಅನ್ನಿಸಬೇಕು. ಒಣಗುವಾಗ ನೀರು ಹೋಗುತ್ತದೆ, ಉಪ್ಪು ಎಲ್ಲೂ ಹೋಗುವುದಿಲ್ಲ. ಬಣ್ಣಕ್ಕೆ ಬ್ಯಾಡಗಿ ಮೆಣಸಿನ ಪುಡಿ, ಖಾರಕ್ಕೆ ಸೂಜಿಮೆಣಸು ಜಜ್ಜಿ ಹಾಕಿ. ಒಂದಿಷ್ಟು ಕೊತ್ತಂಬರಿ, ಜೀರಿಗೆ, ಚಿಟಿಕೆ ಇಂಗು. ಬೆಳ್ಳುಳ್ಳಿ ಹಾಕುವವರು ಹಾಕಲಿ, ನಮ್ಮ ಮನೆಯಲ್ಲಿ ಇಲ್ಲ. ಹಪ್ಪಳದ ಕಾರ (ಕ್ಷಾರದ ಪುಡಿ), ಸೋಡಾ ಇಂಥದ್ದೆಲ್ಲ ಉದ್ದಿನ ಹಪ್ಪಳದ ಗೆಳೆಯರು, ಹಲಸಿಗೆ ಬೇಡ. ಅಂಗಡಿಯಲ್ಲಿ ಸಿಗುವ ಕೆಲವು ಹಲಸಿನ ಹಪ್ಪಳ ಬೆಳ್ಳಗೆ, ಗರಿಗರಿಯಾಗಿ ಇರುತ್ತವೆ. ತಿಂದರೆ ಹಲಸಿನ ಪರಿಮಳವೇ ಇಲ್ಲ. ಮೈದಾ ಬೆರೆಸಿದರೆ ಹಾಗಾಗುತ್ತದೆ.

ಒರಳು ಇಲ್ಲದವರು ಏನು ಮಾಡಬೇಕು? ಮಿಕ್ಸಿಯನ್ನು ಮರೆತುಬಿಡಿ. ನೀರು ಹಾಕದೆ ಅದು ತಿರುಗುವುದಿಲ್ಲ, ನೀರು ಹಾಕಿದರೆ ಹಪ್ಪಳದ ಅಂಚು ಬಿರಿಯುತ್ತದೆ. ಗ್ರೈಂಡರಿನಲ್ಲಿ ಮಾಡಬಹುದು, ಆದರೆ ಸ್ವಲ್ಪ ಸ್ವಲ್ಪವೇ ಹಾಕಬೇಕು. ನಾನೊಮ್ಮೆ ಆಸೆಗೆ ಬಿದ್ದು ಎರಡು ಕೆಜಿ ಒಟ್ಟಿಗೆ ಹಾಕಿ ಬೆಲ್ಟ್ ಹರಿದುಕೊಂಡೆ. ರಿಪೇರಿಯವನು ಒಳಗೆ ನೋಡಿ, "ಇದ್ರಲ್ಲಿ ಎಂತ ಬೀಸಿದ್ರಿ ಮಾರಾಯ್ರೆ, ಟಾಯರಾ?" ಎಂದು ಕೇಳಿದ. ಫ್ಲ್ಯಾಟಿನಲ್ಲಿ ಇರುವವರಿಗೆ ನನ್ನ ಸಲಹೆ: ದೊಡ್ಡ ಕಲ್ಲಿನ ಕುಟ್ಟಾಣಿ ತಗೊಂಡು ಮುಷ್ಟಿ ಮುಷ್ಟಿಯೇ ಕುಟ್ಟಿ. ಉಳಿದ ತೊಳೆ ಹಬೆಯಲ್ಲೇ ಇರಲಿ. ಐವತ್ತು ಹಪ್ಪಳಕ್ಕೆ ಅಡ್ಡಿಯಿಲ್ಲ. ಕೆಳಗಿನ ಮನೆಯವರಿಗೆ ಮೊದಲೇ ಹೇಳಿಡಿ.

ಈ ಹಂತದಲ್ಲಿ ಮುದ್ದೆಯಿಂದ ಒಂದು ದೊಡ್ಡ ಉಂಡೆ ಕಾಣೆಯಾಗುತ್ತದೆ. ಹುಡುಕಬೇಡಿ. ಹಿತ್ತಲ ಬಾಗಿಲ ಹತ್ತಿರ ಮಕ್ಕಳು ಅದಕ್ಕೆ ತೆಂಗಿನೆಣ್ಣೆ ಹಚ್ಚಿಕೊಂಡು ತಿನ್ನುತ್ತಿರುತ್ತಾರೆ. ನಿಮಗೂ ಒಂದು ತುತ್ತು ಕೇಳಿ. ಹಪ್ಪಳಕ್ಕಿಂತ ಹಿಟ್ಟೇ ರುಚಿ ಎನ್ನುವ ಪಕ್ಷದಲ್ಲಿ ನಾನೂ ಇದ್ದೇನೆ.

ಒತ್ತುವುದು

ನಿಂಬೆ ಗಾತ್ರದ ಉಂಡೆ. ಒಬ್ಬರು ಉಂಡೆ ಕಟ್ಟುವವರು, ಇಬ್ಬರು ಒತ್ತುವವರು, ಒಬ್ಬರು ಬಿಡಿಸಿ ಚಾಪೆಗೆ ಹಾಕುವವರು. ಒಬ್ಬರೇ ಮಾಡಲು ಹೊರಟರೆ ಸೊಂಟ ಹೋಗುತ್ತದೆ, ಮುದ್ದೆಯೂ ಆರುತ್ತದೆ. ನಮ್ಮ ಕೇರಿಯಲ್ಲಿ ಇದು ಮುಯ್ಯಿ ಲೆಕ್ಕ. ಇವತ್ತು ನಮ್ಮ ಮನೆ, ನಾಡಿದ್ದು ಅವರ ಮನೆ. ನಡುವೆ ಅವಲಕ್ಕಿ, ಮಜ್ಜಿಗೆ. ಒತ್ತದೆ ಉಳಿದ ಮುದ್ದೆಗೆ ಒದ್ದೆ ಬಟ್ಟೆ ಮುಚ್ಚಿಡಿ.

ಉಂಡೆಯ ಮೇಲೆ ಕೆಳಗೆ ಪ್ಲಾಸ್ಟಿಕ್ ಹಾಳೆ ಬೇಕು. ಹಾಲಿನ ಪ್ಯಾಕೆಟ್ ಸೀಳಿ, ತೊಳೆದು ಒಣಗಿಸಿದ್ದಕ್ಕಿಂತ ಒಳ್ಳೆಯ ಹಾಳೆ ನನಗಂತೂ ಇನ್ನೂ ಸಿಕ್ಕಿಲ್ಲ. ಅಂಗಡಿಯ ತೆಳು ಕೈಚೀಲ ಬೇಡ. ಅದರ ಸುಕ್ಕು ಹಪ್ಪಳದ ಮೇಲೆ ಗೆರೆಯಾಗಿ ಬೀಳುತ್ತದೆ, ಒಣಗುವಾಗ ಆ ಗೆರೆಯಲ್ಲೇ ಸೀಳುತ್ತದೆ. ಎಣ್ಣೆ ಹತ್ತು ಹಪ್ಪಳಕ್ಕೊಮ್ಮೆ ಒಂದು ಬೆರಳು ಸವರಿದರೆ ಸಾಕು. ಜಾಸ್ತಿ ಆದರೆ ಮಳೆಗಾಲ ಮುಗಿಯುವುದರೊಳಗೆ ಕಮಟು ವಾಸನೆ.

ಒತ್ತಲು ಎರಡು ಮರದ ಮಣೆ. ಒಮ್ಮೆ ಒತ್ತಿ, ಕಾಲು ಸುತ್ತು ತಿರುಗಿಸಿ ಇನ್ನೊಮ್ಮೆ ಒತ್ತಿ. ಜಾತ್ರೆಪೇಟೆಯಲ್ಲಿ ಹೊಳೆಯುವ ಒತ್ತುಯಂತ್ರ ಕೊಂಡು ತಂದಿದ್ದೆ. ಮೂವತ್ತನೇ ಹಪ್ಪಳಕ್ಕೆ ತಿರುಗಣೆ ಮುರಿಯಿತು. ಮುರಿಯುವ ಮೊದಲೂ ಒಂದು ಬದಿ ದಪ್ಪ, ಒಂದು ಬದಿ ತೆಳು. ಮೊದಲ ಹಪ್ಪಳವನ್ನು ಹಾಳೆಯ ಸಮೇತ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಒಂದೇ ಸಮನೆ ಬೆಳಕು ಹಾಯಬೇಕು. ಕಪ್ಪು ಚುಕ್ಕೆ ಕಂಡರೆ ಅದೇ ಗಂಟು. ಮುದ್ದೆ ಬಿಸಿ ಇದ್ದರೆ ಈಗಲೂ ಒರಳಿಗೆ ವಾಪಸ್ ಹಾಕಬಹುದು, ನಾಚಿಕೆ ಬೇಡ.

ಬಿಸಿಲು, ಕಾಗೆ, ಮಂಗ

ಚಾಪೆಯ ಮೇಲೆ ಹಳೆಯ ಹತ್ತಿ ಪಂಚೆ ಹಾಸಿ ಅದರ ಮೇಲೆ ಹಾಕಿ. ಮೇಲ್ಮೈ ಕೈಗೆ ಅಂಟದಷ್ಟು ಆದಾಗ ಮಗುಚಿ. ಗರಿಯಾಗುವ ತನಕ ಕಾದರೆ ಅಂಚು ಮುದುಡುತ್ತದೆ. ಮೊದಲ ಸಂಜೆ ಇನ್ನೂ ಬಗ್ಗುವಂತಿರುವಾಗ ಒಂದರ ಮೇಲೊಂದು ಪೇರಿಸಿ, ಮೇಲೆ ಮಣೆ, ಮಣೆಯ ಮೇಲೆ ಭಾರ ಇಡಿ. ಬೆಳಿಗ್ಗೆಗೆ ಚಪ್ಪಟೆ. ಮತ್ತೆ ಎರಡು ದಿನ ಬಿಸಿಲು. ಮುರಿದರೆ ಟಪ್ ಎನ್ನಬೇಕು.

ಘಟ್ಟದ ಕೆಳಗಿನವರಿಗೆ ಒಂದು ಮಾತು ಹೆಚ್ಚು. ದೇವಿಮನೆ ಘಟ್ಟ ಇಳಿದರೆ ಗಾಳಿಯೇ ಬೇರೆ. ಕುಮಟಾ, ಅಂಕೋಲಾ, ಕಾರವಾರದಲ್ಲಿ ಬಿಸಿಲು ನಮಗಿಂತ ಖಾರ, ಆದರೆ ಸಮುದ್ರದ ತೇವ ಸಂಜೆಗೆ ಎಲ್ಲವನ್ನೂ ಮೆತ್ತಗೆ ಮಾಡುತ್ತದೆ. ನಾಲ್ಕು ಗಂಟೆಯೊಳಗೆ ಎತ್ತಿ ಡಬ್ಬಿಗೆ ಹಾಕಿ ಮುಚ್ಚಿ. ಮೂರರ ಬದಲು ನಾಲ್ಕು ದಿನ ಒಣಗಿಸಿ. ಅಕ್ಕ ತಾರಸಿಯಲ್ಲಿ ಏಳರವರೆಗೂ ಬಿಟ್ಟಿರುತ್ತಿದ್ದಳು.

ಕಾಗೆಗೆ ಕಪ್ಪು ಬಟ್ಟೆ ಕಟ್ಟುವುದು, ಕೊಡೆ ಬಿಚ್ಚಿಡುವುದು ಒಂದು ದಿನ ನಡೆಯುತ್ತದೆ. ಎರಡನೇ ದಿನ ಕಾಗೆ ಕೊಡೆಯ ಮೇಲೇ ಕೂರುತ್ತದೆ. ಹಳೆಯ ಸೊಳ್ಳೆ ಪರದೆ ಹೊದಿಸಿ ನಾಲ್ಕು ಮೂಲೆಗೆ ಕಲ್ಲು ಇಡಿ, ಕರುವಿನ ಬಾಯಿಯೂ ತಪ್ಪುತ್ತದೆ. ಮಂಗಕ್ಕೆ ಮಾತ್ರ ಪರದೆ ಸಾಲದು, ಕೋಲು ಹಿಡಿದು ಒಬ್ಬರು ಕೂರಲೇಬೇಕು. ನಮ್ಮ ಮನೆಯಲ್ಲಿ ಆ ಕೆಲಸ ರಜೆಗೆ ಬಂದ ಮಕ್ಕಳದ್ದು. ಅರ್ಧ ಒಣಗಿದ ಹಪ್ಪಳ ಎಷ್ಟು ಹೋಯಿತು ಎಂದು ಎಣಿಸಿದರೆ ಮಂಗಕ್ಕೂ ಮಕ್ಕಳಿಗೂ ಸರಿಸಮ.

ಕರಿಯಲು ತೆಂಗಿನೆಣ್ಣೆ, ಚೆನ್ನಾಗಿ ಕಾದಿರಬೇಕು, ಹೊಗೆ ಬರಬಾರದು. ಹಾಕಿ, ಮಗುಚಿ, ತೆಗೆಯಿರಿ, ಮುಗಿಯಿತು. ನನಗೆ ಕೆಂಡದಲ್ಲಿ ಸುಟ್ಟದ್ದೇ ಇಷ್ಟ, ಜೊತೆಗೆ ಹಸಿ ತೆಂಗಿನಕಾಯಿ ಚೂರು.

ಗುಂಡಗೆ, ತೆಳ್ಳಗೆ ಬಂದದ್ದನ್ನೆಲ್ಲ 25ರ ಕಟ್ಟು ಮಾಡಿ ಬೆಂಗಳೂರಿಗೆ, ಹುಬ್ಬಳ್ಳಿಗೆ, ನೆಂಟರ ಮನೆಗೆ ಕಳಿಸುತ್ತೇವೆ. ಮುರಿದದ್ದು, ಸೊಟ್ಟಗಾದದ್ದು ಬೇರೆ ಡಬ್ಬಿಗೆ. ಜೂನ್‌ನಲ್ಲಿ ಮಳೆ ಹಿಡಿದ ದಿನ ಅಟ್ಟದಿಂದ ಮೊದಲು ಇಳಿಯುವುದು ಆ ಡಬ್ಬಿ.