ಕಂಪ್ಯೂಟರ್ ಸೈನ್ಸ್ ಸೀಟು: ಹಣ ಕಟ್ಟುವ ಮೊದಲು ಹಾಕಬೇಕಾದ ಲೆಕ್ಕ

ಸಿಇಟಿ ರ‍್ಯಾಂಕ್ ಬಂದ ವಾರ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಎಷ್ಟೋ ಮನೆಗಳಲ್ಲಿ ನಡೆಯುವುದು ಒಂದೇ ಲೆಕ್ಕ: ಕಾಲೇಜಿನ ಒಂದು ವರ್ಷದ ಶುಲ್ಕ ಇಷ್ಟು, ಕರಪತ್ರದಲ್ಲಿರುವ ಅತಿ ದೊಡ್ಡ ಪ್ಯಾಕೇಜು ಅಷ್ಟು. ಇದನ್ನು ನಂಬಿ ಸಾಲ ಮಾಡಿದವರು ಆರನೇ ವರ್ಷ ಕಂತು ಕಟ್ಟಲಾಗದೆ ಒದ್ದಾಡುತ್ತಾರೆ. ಸರಿಯಾದ ಲೆಕ್ಕಕ್ಕೆ ಒಂದು ಹಾಳೆ, ಒಂದು ಸಂಜೆ ಸಾಕು.

1. ರಿಯಾಯಿತಿ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮದ ಮೀಸಲಾತಿ ಇದೆ. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ ಎಸ್‌ಎನ್‌ಕ್ಯು (ನಿಗದಿತ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಇಡುವ) ಸೀಟಿನಲ್ಲಿ ಬೋಧನಾ ಶುಲ್ಕ ಮನ್ನಾ. ಇವನ್ನು ಸಿಇಟಿ ಅರ್ಜಿಯಲ್ಲೇ ಕೇಳಿರಬೇಕು. ನಾಡಕಚೇರಿಯ ಆದಾಯ ಪ್ರಮಾಣಪತ್ರ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿಯ ವ್ಯಾಸಂಗ ಪ್ರಮಾಣಪತ್ರ ಮೊದಲೇ ಮಾಡಿಸಿಡಿ.

2. ಒಟ್ಟು ಖರ್ಚು. ಶುಲ್ಕ, ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಮತ್ತು ಪರೀಕ್ಷೆಯ ಹಣ, ಹಾಸ್ಟೆಲ್, ಊಟ, ಬಸ್ಸು: ಎಲ್ಲವನ್ನೂ ನಾಲ್ಕು ವರ್ಷಕ್ಕೆ ಬರೆಯಿರಿ. ಲ್ಯಾಪ್‌ಟಾಪ್ ಒಂದೇ ಸಲ: 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. 8 ಜಿಬಿಯದು ಆಂಡ್ರಾಯ್ಡ್ ಸ್ಟುಡಿಯೋ ತೆರೆದರೆ ತೆವಳುತ್ತದೆ. ಗೇಮಿಂಗ್ ಲ್ಯಾಪ್‌ಟಾಪ್ ದಂಡ. ಶಿವಮೊಗ್ಗದ ಜೆಎನ್‌ಎನ್‌ಸಿಇ, ಪಿಇಎಸ್‌ನಂಥ ಕಡೆ ಸೀಟು ಸಿಕ್ಕಿ ಮನೆಯಿಂದ ಓಡಾಡುವಂತಿದ್ದರೆ ಬೆಂಗಳೂರಿನ ಹೆಸರಿಲ್ಲದ ಕಾಲೇಜಿಗೆ ಹೋಗಲೇಬೇಡಿ. ಪದವಿ ಬಹುಮಟ್ಟಿಗೆ ಎರಡೂ ಕಡೆ ವಿಟಿಯುದೇ. ಎಐ, ಡೇಟಾ ಸೈನ್ಸ್ ಎಂಬ ಹೆಸರಿಗಾಗಿ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಲಕ್ಷಗಟ್ಟಲೆ ಸುರಿಯುವುದೂ ಬೇಡ. ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಂ, ಡಿಬಿಎಂಎಸ್ ಎಂಬ ಮೂಲ ಪಾಠಗಳು ಎಲ್ಲದರಲ್ಲೂ ಇದ್ದೇ ಇವೆ.

3. ಪ್ಲೇಸ್‌ಮೆಂಟ್. ಅತಿ ದೊಡ್ಡ ಪ್ಯಾಕೇಜು ಒಬ್ಬರಿಗೆ ಸಿಕ್ಕಿದ್ದು, ಅದನ್ನು ಬಿಡಿ. ‘ಇಷ್ಟು ಆಫರ್’ ಎಂದರೂ ನಂಬಬೇಡಿ, ಒಬ್ಬರಿಗೇ ಎರಡು ಮೂರು ಬಂದಿರುತ್ತವೆ. ಎನ್‌ಐಆರ್‌ಎಫ್‌ಗೆ (ಕೇಂದ್ರ ಸರ್ಕಾರದ ಶ್ರೇಯಾಂಕ ಪಟ್ಟಿಗೆ) ಅರ್ಜಿ ಹಾಕುವ ಕಾಲೇಜುಗಳು ತಾವು ಕೊಟ್ಟ ಮಾಹಿತಿಯನ್ನು ತಮ್ಮ ಜಾಲತಾಣದಲ್ಲಿ ಹಾಕುತ್ತವೆ. ಅದರಲ್ಲಿ ಪಾಸಾದವರೆಷ್ಟು, ಕೆಲಸ ಸಿಕ್ಕವರೆಷ್ಟು, ಮಧ್ಯಮ ಸಂಬಳವೆಷ್ಟು (ಅರ್ಧ ಜನಕ್ಕೆ ಅದಕ್ಕಿಂತ ಹೆಚ್ಚು, ಅರ್ಧ ಜನಕ್ಕೆ ಕಡಿಮೆ) ಎಂದು ನೋಡಿ. ಅದು ಇಡೀ ಕಾಲೇಜಿನದು. ಸಿಎಸ್ ವಿಭಾಗದ್ದನ್ನು ಪ್ಲೇಸ್‌ಮೆಂಟ್ ಅಧಿಕಾರಿಯ ಹತ್ತಿರ ಬೇರೆಯಾಗಿ ಕೇಳಿ. ಕೊಡದಿದ್ದರೆ ಆ ಕಾಲೇಜನ್ನು ಪಟ್ಟಿಯಲ್ಲಿ ಕೆಳಗೆ ತಳ್ಳಿ.

4. ಸಾಲ ಮತ್ತು ಕೈಗೆ ಬರುವ ಸಂಬಳ. ಹೆಚ್ಚಿನವರು ಎಡವುವುದು ಇಲ್ಲೇ. ವರ್ಷಕ್ಕೆ 1.5 ಲಕ್ಷದಂತೆ 6 ಲಕ್ಷ ಸಾಲ, ಬಡ್ಡಿ 10% ಎಂದಿಟ್ಟುಕೊಳ್ಳಿ. ಓದುವಾಗಲೂ ಮುಗಿದ ಮೇಲಿನ ಒಂದು ವರ್ಷವೂ ಕಂತು ಇಲ್ಲ. ಆದರೆ ಬಡ್ಡಿ ನಿಲ್ಲುವುದಿಲ್ಲ. ಮೊದಲ ವರ್ಷ ಪಡೆದ ಹಣಕ್ಕೆ ಐದು ವರ್ಷ, ನಾಲ್ಕನೇ ವರ್ಷದ್ದಕ್ಕೆ ಎರಡು ವರ್ಷ ಸರಳ ಬಡ್ಡಿ ಕೂಡಿ 2.1 ಲಕ್ಷ ಆಗುತ್ತದೆ. ಕಂತು ಶುರುವಾಗುವುದು 8.1 ಲಕ್ಷದ ಮೇಲೆ. ಏಳು ವರ್ಷದ ಅವಧಿಗೆ ತಿಂಗಳಿಗೆ ಸುಮಾರು 13,450 ರೂಪಾಯಿ.

ಈಗ ಸಂಬಳ. ದೊಡ್ಡ ಸೇವಾ ಕಂಪನಿಗಳು ಹೊಸಬರಿಗೆ ಕೊಡುವುದು ಬಹುಮಟ್ಟಿಗೆ ವರ್ಷಕ್ಕೆ 3.5 ಲಕ್ಷದ ಆಸುಪಾಸು. 3.6 ಲಕ್ಷ ಎಂದರೆ ತಿಂಗಳಿಗೆ 30,000 ಅಂತ ಭಾಗಿಸಬೇಡಿ. ಕಂಪನಿಯ ಪಾಲಿನ ಪಿಎಫ್, ಗ್ರಾಚ್ಯುಟಿ, ವಿಮೆ ಅದರೊಳಗೇ ಸೇರಿರುತ್ತವೆ. ನಿಮ್ಮ ಪಾಲಿನ ಪಿಎಫ್, ವೃತ್ತಿ ತೆರಿಗೆಯೂ ಕಳೆದ ಮೇಲೆ ಕೈಗೆ ಬರುವುದು 25,000ದ ಹತ್ತಿರ. ಬೆಂಗಳೂರಿನ ಪಿಜಿ, ಊಟ, ಓಡಾಟಕ್ಕೆ 14,000 ತೆಗೆದಿಡಿ. ಉಳಿದದ್ದು 11,000, ಕಟ್ಟಬೇಕಾದದ್ದು 13,450. ಸಾಲದಲ್ಲಿ ಓದಿದವರು ಮೊದಲ ಎರಡು ವರ್ಷ ಊರಿನಿಂದ ದುಡ್ಡು ತರಿಸಿಕೊಳ್ಳುವುದು ಇದಕ್ಕೇ.

ಇದಕ್ಕೆ ಪರಿಹಾರ, ಓದುವಾಗಲೇ ಬಡ್ಡಿ ಕಟ್ಟುವುದು. ಮೊದಲ ವರ್ಷ ತಿಂಗಳಿಗೆ 1,250, ಪ್ರತಿ ವರ್ಷ ಏರುತ್ತಾ ನಾಲ್ಕನೇ ಮತ್ತು ಐದನೇ ವರ್ಷ 5,000. ಆಗ ಕಂತು 6 ಲಕ್ಷದ ಮೇಲೆ ಮಾತ್ರ, ಸುಮಾರು 9,960. ಒಟ್ಟಾರೆ 80,000ಕ್ಕೂ ಹೆಚ್ಚು ಉಳಿತಾಯ. ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಇದೆಯಲ್ಲ ಎಂದು ಏಜೆಂಟರು ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಈ ಸಂಬಳಕ್ಕೆ ಆದಾಯ ತೆರಿಗೆಯೇ ಬರುವುದಿಲ್ಲ. ಕಂತು ಕೈಗೆ ಬರುವ ಸಂಬಳದ 40% ದಾಟುವುದಾದರೆ ಅಷ್ಟು ಸಾಲ ಬೇಡ.

ಇನ್ನೊಂದು ಮಾತು. ಶುಲ್ಕದ ಗಡುವು ಬರುವುದು ಮಳೆಗಾಲದಲ್ಲಿ, ಅಡಿಕೆ ಕೊಯ್ಲು ಆಮೇಲೆ. ಹಾಗಂತ ಮಂಡಿಯಲ್ಲಿ ಮುಂಗಡ ಎತ್ತಬೇಡಿ. ಅದು ಬರುವ ಬೆಳೆಗೇ ವಜಾ ಆಗುತ್ತದೆ. ಅಡಿಕೆಗೆ ಕೊಳೆ ರೋಗವೋ ಎಲೆಚುಕ್ಕೆ ರೋಗವೋ ಬಿದ್ದರೆ ಎರಡನೇ ವರ್ಷದ ಶುಲ್ಕಕ್ಕೂ ಕೈ ಚಾಚಬೇಕು. ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಬ್ಯಾಂಕ್ ಸಾಲಕ್ಕೆ ಬೇಗ ಅರ್ಜಿ ಹಾಕಿ; 7.5 ಲಕ್ಷದವರೆಗೆ ಸಾಮಾನ್ಯವಾಗಿ ತೋಟ ಅಡವಿಡಬೇಕಾಗಿಲ್ಲ.

5. ಬೇರೆ ದಾರಿ. ಎಸ್ಸೆಸ್ಸೆಲ್ಸಿ ಮುಗಿಸಿದ ತಮ್ಮ, ತಂಗಿ ಇದ್ದರೆ ಸರ್ಕಾರಿ ಪಾಲಿಟೆಕ್ನಿಕ್ ನೋಡಿ. ಮೂರು ವರ್ಷ ಡಿಪ್ಲೊಮಾ, ಡಿಸಿಇಟಿ (ಡಿಪ್ಲೊಮಾ ಆದವರ ಸಿಇಟಿ) ಬರೆದು ನೇರ ಎರಡನೇ ವರ್ಷದ ಬಿಇ. ಪಿಯುಸಿ ದಾರಿಯಷ್ಟೇ ಆರು ವರ್ಷ, ಆದರೆ ಒಂದು ವರ್ಷದ ಬಿಇ ಶುಲ್ಕವೂ ಪಿಯುಸಿ ಕೋಚಿಂಗ್ ಹಣವೂ ಉಳಿಯುತ್ತದೆ. ಕಷ್ಟವಾಗುವುದು ಗಣಿತ, ಬಿಇ ಸೇರುವ ಮೊದಲೇ ಕ್ಯಾಲ್ಕುಲಸ್ ಓದಿಕೊಳ್ಳಲಿ. ಪಿಯುಸಿ ಆದವರು ಕುವೆಂಪು ವಿಶ್ವವಿದ್ಯಾಲಯದ ಬಿಸಿಎಯನ್ನೂ ಹಾಳೆಯಲ್ಲಿ ಪಕ್ಕಕ್ಕಿಟ್ಟು ನೋಡಿ.

ಹಣ ಕೊಟ್ಟು ಪಡೆಯುವ ಇಂಟರ್ನ್‌ಶಿಪ್ ಸರ್ಟಿಫಿಕೇಟ್, ‘ಕೆಲಸ ಗ್ಯಾರಂಟಿ’ ಕೋರ್ಸು ಯಾವ ದಾರಿಯಲ್ಲೂ ಬೇಡ. ಎನ್‌ಪಿಟಿಇಎಲ್ (ಐಐಟಿಗಳ ಆನ್‌ಲೈನ್) ಪಾಠಗಳು ಪುಕ್ಕಟೆ, ಪರೀಕ್ಷೆಗೆ ಮಾತ್ರ ಶುಲ್ಕ.

6. ಆಪ್ಷನ್ ಎಂಟ್ರಿ. ಬೇಕಾದ ಕಾಲೇಜುಗಳನ್ನು ಕ್ರಮವಾಗಿ ನಮೂದಿಸುವುದು ಇಲ್ಲೇ. ಹಾಳೆಯಲ್ಲಿ ಕಂತು ಹೊಂದದ ಕಾಲೇಜನ್ನು ಪಟ್ಟಿಗೆ ಸೇರಿಸಲೇಬೇಡಿ. ಅಣಕು ಹಂಚಿಕೆ (ಯಾವ ಸೀಟು ಸಿಗಬಹುದೆಂದು ತೋರಿಸುವ ಪ್ರಾಯೋಗಿಕ ಪಟ್ಟಿ) ಬಂದ ಮೇಲೆ ಕ್ರಮ ಬದಲಿಸಲು ಅವಕಾಶವಿದೆ. ಆ ದಿನಗಳಲ್ಲಿ ಶುಲ್ಕವನ್ನು ಮತ್ತೊಮ್ಮೆ ಕಾಲೇಜಿಗೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.